ಬಾಯಿ ಹೊಲಿಯದ ತಲಿದಿಂಬು

ನಮ್ಮ ಚರ್ಚಿನ ಮಂದ್ಯಾಗ ಯಾರರೆ ತೀರ್ಕೊಂಡ್ರ, ಪೆಟ್ಟಿಗಿ ಮಾಡೋ ಬಡಿಗೇರಗ ಫೋನ್ ಹೋಗೋಕಿಂತ ಮೊದಲ ನನ್ನ ಬಾಗಿಲಾ ಬಡಿತಾರ. ನಾ ಟೇಲರ್. ಬಸವಕಲ್ಯಾಣದ ಕೋಟೆ ಕಡಿ ಹೋಗೋ ಒಂದು ಗಲ್ಲ್ಯಾಗ ಹೆಣ್ಮಕ್ಕಳ ಜಂಪರ್, ಸಾಲಿ ಹುಡುಗ್ಯಾರ ಯೂನಿಫಾರ್ಮ್, ಕಿಟಕಿ ಪರದೆ ಹೊಲಿತೀನಿ. ಅದರ ಜೋಡಿ ಇನ್ನೊಂದು ಕೆಲಸ ಅದ, ಸತ್ತವರ ತಲಿದಿಂಬು. ಬಿಳಿ ಬಟ್ಟಿ ತಗೊಂಡು ಮೂರು ಕಡಿ ಮಷೀನ್ ಹೊಲಿಗಿ ಹಾಕ್ತೀನಿ, ಒಂದು ಕಡಿ ಬಾಯಿ ಬಿಟ್ಟು ಬಾಗಿಲಾಗ ಬುಟ್ಟ್ಯಾಗ ಇಡ್ತೀನಿ. ನಮ್ಮ ಸಭೆಯ ಒಂದೊಂದು ಮನಿಯವರು ತಮ್ಮ ಗಾದಿ ಮೂಲಿ ಬಿಚ್ಚಿ ಒಂದು ಹಿಡಿ ಹತ್ತಿ ತರ್ತಾರ. ತಾವು ಮಲಗೋ ಹಾಸಿಗ್ಯಾಗಿನ ಹತ್ತೀನೇ ಆಗಬೇಕು, ಅಂಗಡ್ಯಾಗಿಂದು ನಡ್ಯಂಗಿಲ್ಲ. ಎಲ್ಲರ ಹಿಡಿ ಬಿದ್ದ ಮ್ಯಾಲೆ ನಾ ಸೂಜಿ ತಗೊಂಡು ಆ ಬಾಯಿ ಹೊಲಿತೀನಿ. ದಾರಕ್ಕ ಗಂಟು ಮಾತ್ರ ಹಾಕಂಗಿಲ್ಲ. ಗಂಟು ಜೀವಂತ ಇದ್ದವರ ದಿಂಬಿಗೆ. ಸತ್ತವರನ್ನ ಸ್ವಾಮಿ ಎಬ್ಬಿಸಾಕ ಬಂದಾಗ ಬಿಚ್ಚಾಕ ತಡ ಆಗಬಾರದು ಅಂತ ನಮ್ಮತ್ತಿ ಹೇಳ್ತಿದ್ಳು.

ಇದು ದೇವರ ವಾಕ್ಯದಾಗ ಎಲ್ಲಿ ಬರದದ ಅಂತ ಕೇಳಬ್ಯಾಡ್ರಿ. ಎಲ್ಲೂ ಬರದಿಲ್ಲ. ಹೊಸ ಪಾಸ್ಟರ್ ಬಂದಾಗೊಮ್ಮೆ ಕೇಳ್ತಾರ, ಒಂದು ಸಲ ಮಣ್ಣು ಕೊಡೋದು ನೋಡಿದ ಮ್ಯಾಲೆ ಸುಮ್ಮನಾಗ್ತಾರ. ನಮ್ಮತ್ತಿ ನಿರ್ಣಾ ಊರಾಕಿ. ಆಕಿ ಅವ್ವ ಅಲ್ಲಿ ಇದನ್ನ ಕೈಲೆ ಹೊಲಿತಿದ್ಳಂತ. ಅತ್ತಿ ನನಗ ಕಲಿಸಿದ್ಳು. ನನ್ನ ತವರಮನಿ ಹುಮನಾಬಾದ್. ಅಲ್ಲಿ ನನ್ನ ಬಾಯಿಗೆ ಅಂಜಿ ಗಂಡಿನ ಕಡೆಯವರು ವಾಪಸ್ ಹೋಗ್ತಾರ ಅಂತ ನಮ್ಮಪ್ಪಗ ಫಿಕರ್ ಇತ್ತು. ಮೂಗಿನ ತುದೀ ಮ್ಯಾಲೇ ಸಿಟ್ಟು ನನಗ. ಈಗೂ ಹಂಗೇ. ಅತ್ತಿ ಅಂದ್ರ ಅದಕ್ಕ ಉಲ್ಟಾ. ತೊಗರಿ ಕೊಯ್ದು ಕೊಯ್ದು ಕೈ ಕಲ್ಲಾಗಿದ್ದವು, ಮಾತು ಮಾತ್ರ ಬೆಣ್ಣಿ. ನಾ ಕೂಗ್ಯಾಡಿದಾಗೆಲ್ಲ ಆಕಿ ಚಹಾ ಇಡ್ತಿದ್ಳು. ಅದರಿಂದ ನನಗ ಇನ್ನೂ ಸಿಟ್ಟು ಬರ್ತಿತ್ತು.

ನನ್ನ ಗಂಡ ಬೋರ್ಡ್ ಬರೆಯೋ ಪೇಂಟರ್. ಹುಲಸೂರದಿಂದ ಹುಮನಾಬಾದ್ ತನಕ ಕಿರಾಣಿ ಅಂಗಡಿ, ಗ್ಯಾರೇಜ್, ಲಾರಿ ಹಿಂದಿನ ಹಲಗಿ, ಎಲ್ಲಾ ಅವನ ಕೈ ಅಕ್ಷರ. ಫ್ಲೆಕ್ಸ್ ಬಂದ ಮ್ಯಾಲೆ ಕೆಲಸ ಕಮ್ಮಿ ಆದ್ರೂ ಬ್ರಷ್ ಬಿಡಲಿಲ್ಲ. ನಮ್ಮ ಚರ್ಚಿನ ಒಳಗ ಎದುರಿನ ಗೋಡಿ ಮ್ಯಾಲೆ ಸ್ವಾಮಿಯ ಆ ಮಾತನ್ನ ಬರೆದಾಂವನೂ ಅವನೇ. ಭಾರ ಹೊತ್ತು ದಣಿದವರನ್ನ ತನ್ನ ಹಂತೇಕ ಕರಿತಾನಲ್ಲ, ವಿಶ್ರಾಂತಿ ಕೊಡ್ತೀನಿ ಅಂತ, ಆ ಮಾತು. ಶುರು ಮಾಡುವಾಗ ಹುರುಪಿನಾಗ ದೊಡ್ಡ ದೊಡ್ಡ ಅಕ್ಷರ ಹಾಕಿಬಿಟ್ಟ. ಮುಗಿಯೋ ಹೊತ್ತಿಗೆ ಕಿಟಕಿ ಅಡ್ಡ ಬಂತು. 'ವಿಶ್ರಾಂತಿ' ಅನ್ನೋದು ಮೂಲ್ಯಾಗ ಸಣ್ಣಗ ತುರುಕಿದಂಗ ಆತು.

"ಎಲಾ ಇವನ! ಭಾರಕ್ಕ ಇಡೀ ಗೋಡಿ ಕೊಟ್ಟು ವಿಶ್ರಾಂತಿಗೆ ಕಿಟಕಿ ಸಂದಿ ಕೊಟ್ರೇನು?" ಅಂತ ನಾ ಎಲ್ಲರೆದುರಿಗೇ ನಕ್ಕೆ.

ಅವ ಏಣಿ ಮ್ಯಾಲಿಂದನೇ ಅಂದ: "ಇರ್ಲಿ ಬಿಡ. ಓದೋ ಮಂದಿ ಎದ್ದು ಸನೇಕ ಬರ್ತಾರ."

ಎಲ್ಲಾರೂ ಮಾರಿಗೆ ಬಟ್ಟಿ ಕಟ್ಕೊಂಡು ತಿರುಗಿದ ಆ ಬ್ಯಾನಿ ವರ್ಷದಾಗ ಅವ ಹೋದ. ಮೊದಲ ಜ್ವರ, ಆಮ್ಯಾಲೆ ದಮ್ಮು. ಅಂಬ್ಯುಲೆನ್ಸಿನಾಗ ಬೀದರಕ್ಕ ಒಯ್ದ್ರು, ನನಗ ಹತ್ತಾಕ ಬಿಡಲಿಲ್ಲ. ಫೋನಿನಾಗ ಉಸಿರು ಎಳಿತಾ ಒಂದು ಸಲ ಮಾತಾಡಿದ. ತನ್ನ ಪಲಂಗದ ಎದುರಿಗಿದ್ದ ಬೋರ್ಡಿನ ಅಕ್ಷರ ಡೊಂಕ ಅದಾವ, ಬ್ರಷ್ ಇದ್ರ ಸರಿ ಮಾಡ್ತಿದ್ದೆ ಅಂದ. ನಾ ಬೈದೆ, "ಸುಮ್ಮ ಮಲಕ್ಕೋರಿ" ಅಂತ. ಅದೇ ಕಡೀ ಮಾತು.

ಊರ ಹೊರಗ ನಮ್ಮ ಕಬರಸ್ತಾನಕ್ಕ ದವಾಖಾನಿಯವರು ಅವನ್ನ ಪ್ಲಾಸ್ಟಿಕಿನ್ಯಾಗ ಸುತ್ತಿ ತಂದ್ರು. ಪೆಟ್ಟಿಗಿ ಇಲ್ಲ, ಹಾಡಿಲ್ಲ, ಮಂದಿ ಇಲ್ಲ. ನಾನು, ಅತ್ತಿ ದೂರ ರಸ್ತೆ ಕಡಿ ತೊಗರಿ ಹೊಲದ ಬದುವಿನ್ಯಾಗ ನಿಂತಿದ್ವಿ. ನನ್ನ ಕೈಯಾಗ ಅವಸರದಾಗ ಹೊಲಿದ ಒಂದು ಖಾಲಿ ದಿಂಬಿನ ಚೀಲ ಇತ್ತು, ಹತ್ತಿ ಹಾಕಾಕ ಯಾರು ಬರಬೇಕು? ಎಲ್ಲರ ಮನಿ ಬಾಗಿಲಾ ಹಾಕಿದ್ವು. ನಾ ನನ್ನ ಶಾಲು ಉಂಡಿ ಮಾಡಿ, "ಅಣ್ಣಾ, ತಲಿ ಬುಡಕ ಇದನ್ನರೆ ಇಡ್ರೋ" ಅಂತ ಒದರಿದೆ. ಅವರು ಮೈತುಂಬ ಪ್ಲಾಸ್ಟಿಕ್ ಹಾಕ್ಕೊಂಡು ಬೆವರಿನ್ಯಾಗ ಬೇಯಾಕತ್ತಿದ್ರು ಪಾಪ. ಒಬ್ಬ ಕೈ ಮುಗಿದ. "ಬಿಚ್ಚಾಂಗಿಲ್ಲಕ್ಕಾ" ಅಂದ. ಅವರ ತಪ್ಪೇನದ? ಯಾರ ತಪ್ಪೂ ಅಲ್ಲ. ಅದಕ್ಕೇ ನನ್ನ ಸಿಟ್ಟು ಹೋಗಾಕ ಜಾಗ ಸಿಗದ ಸೀದಾ ದೇವರ ಮ್ಯಾಲೆ ಹೋತು.

ಅವತ್ತಿನಿಂದ ನನಗ ನಿದ್ದಿ ಇಲ್ಲ. ಒಂದು ತಾಸು ಕಣ್ಣು ಮುಚ್ಚಿದ್ರ ಅವನ ತಲಿ ಕಾಣ್ತಿತ್ತು, ಹೆಂಟಿ ಮಣ್ಣಿನ ಮ್ಯಾಲೆ, ಆ ಕಡಿ ಈ ಕಡಿ ಹೊಳ್ಳಾಡಿದಂಗ. ಊರ ಮಂದಿ ತಲಿಯೆಲ್ಲ ಮೆತ್ತಗ ಇಟ್ಟಾಕಿ, ನನ್ನ ಗಂಡನ ತಲಿ ಕಲ್ಲಿನ ಮ್ಯಾಲೆ ಬಿಟ್ಟು ಬಂದೆ. ಇದೊಂದೇ ಮಾತು ದಿನಾ ಕೊರಿತಿತ್ತು. ಕುಂತ್ರ ಕುಂದ್ರಾಕ ಆಗ್ತಿರಲಿಲ್ಲ, ಪ್ರಾರ್ಥನಿಗೆ ಕಣ್ಣು ಮುಚ್ಚಿದ್ರ ಜಗಳ ಬರ್ತಿತ್ತು. ಬೆಳಿಗ್ಗೆ ಅತ್ತಿ ಚಹಾ ತಂದು ಕೈಯಾಗ ಕೊಟ್ಟು ಕೇಳಾಕಿ: "ನಿದ್ದಿ ಬಂತೇನವ್ವಾ?"

"ಎಲ್ಲಿಂದ ಬರಬೇಕ್ರಿ?" ಅಂತ ನಾ ಕಚ್ಚಾಕ ಹೋದಂಗ ಹೋಗ್ತಿದ್ದೆ.

ಆದ್ರೂ ಆಕಿ ಮರುದಿನ ಮತ್ತ ಕೇಳಾಕಿ. ಹಡೆದ ಮಗನ್ನ ಕಳ್ಕೊಂಡಾಕಿ ಇಷ್ಟು ತಣ್ಣಗ ಹ್ಯಾಂಗ ಇರ್ತಾಳ ಅಂತ ನನಗ ಒಳಗೊಳಗ ಉರಿತಿತ್ತು. ಆಕಿಗೆ ಗುಡಿಸೋದು, ರೊಟ್ಟಿ ಬಡಿಯೋದು, ಪ್ರಾರ್ಥನಿ ಮಾಡೋದು, ಎಲ್ಲಾ ಮೊದಲಿನಂಗೇ ನಡದಿತ್ತು.

ಒಂದಿನ ಕೊಹಿನೂರ ಹಳ್ಳಿಯಿಂದ ನಮ್ಮ ಸಭೆಯ ಒಬ್ಬ ಹೆಣ್ಮಗಳು ಬಂದ್ಲು, ಕೂಲಿ ಮಾಡಿ ಬದುಕಾಕಿ. ಅಪ್ಪ ತೀರ್ಕೊಂಡಿದ್ದ. ಸೆರಗಿನಾಗ ಹತ್ತಿ ಕಟ್ಕೊಂಡು ಬಾಗಿಲಾಗ ನಿಂತ್ಲು. ನಾ ಮಷೀನ್ ಬಿಟ್ಟು ಏಳಲಿಲ್ಲ.

"ನನ್ನ ಕೈಲೆ ಆಗಂಗಿಲ್ಲವ್ವಾ. ಬ್ಯಾರೆ ಯಾರಿಗರೆ ಹೇಳು" ಅಂದೆ.

"ಬ್ಯಾರೆ ಯಾರದಾರಕ್ಕಾ?" ಅಂದ್ಲು.

"ನನ್ನ ಗಂಡಗ ಯಾರಿದ್ರು?" ಅಂತ ಜೋರಾಗೇ ಅಂದೆ. ಆಕಿ ಮಾರಿ ಸಣ್ಣದಾತು. ಹೊಳ್ಳಿ ಹೊಂಟಾಗ ಅತ್ತಿ ಹಿಂದಿನಿಂದ ಬಂದು ಆಕಿ ರಟ್ಟಿ ಹಿಡಿದು ಕೂಡಿಸಿದ್ಳು. ಅತ್ತಿ ಕಣ್ಣಿಗೆ ಪರೆ ಬಂದಿತ್ತು, ಸೂಜಿಗೆ ದಾರ ಪೋಣಿಸಾಕ ಆಗ್ತಿರಲಿಲ್ಲ. ಆ ಹೆಣ್ಮಗಳೇ ಪೋಣಿಸಿ ಕೊಟ್ಲು, ಅತ್ತಿ ತಡವರಿಸ್ಕೊಂತ ಕೈಲೆ ಹೊಲಿದ್ಳು. ನಾ ಅವರಿಗೆ ಬೆನ್ನು ಮಾಡಿ ಯಾರದೋ ಪರದೆಗೆ ಅಂಚು ಹೊಡೀತಾ ಕುಂತೆ. ಮುಂದ ಬಂದವರಿಗೂ ಹಿಂಗೇ ಆತು, ಅತ್ತೀನೇ ಹೊಲಿದು ಕೊಟ್ಲು.

ಭಾನುವಾರ ಚರ್ಚಿಗೆ ಹೋಗೋದು ಬಿಡಲಿಲ್ಲ. ಬಿಟ್ರ ಸೋತಂಗ ಅಂತ ಜಿದ್ದು. ಕಡೀ ಸಾಲಿನ್ಯಾಗ ಕೈ ಕಟ್ಟಿ ಕುಂತು ಅವನು ಬರೆದ ಗೋಡಿ ನೋಡ್ತಿದ್ದೆ. ಹಾಡಿಗೆ ಬಾಯಿ ತೆರೀತಿರಲಿಲ್ಲ. 'ಕೊಡ್ತೀನಿ ಅಂದೀಯಲ್ಲ, ಕೊಡು ಮತ್ತ! ಎಲ್ಲದ?' ಅಂತ ಮನಸಿನಾಗೇ ಸ್ವಾಮಿಗೆ ಅಂತಿದ್ದೆ. ಪಾಸ್ಟರ್ ಹೊಸಬರು, ಮೈಸೂರ ಕಡೆಯವರು, ವಯಸ್ಸು ಸಣ್ಣದು. ಒಂದಿನ ಮನಿಗೆ ಬಂದು, "ತಾಯಿ, ನಿಮ್ಮ ಭಾರವನ್ನು ಕರ್ತನ ಪಾದದಲ್ಲಿ ಇಟ್ಟುಬಿಡಿ, ವಿಶ್ರಾಂತಿ ಸಿಗುತ್ತದೆ" ಅಂದ್ರು.

"ಅಯ್ನೋರ, ಇಡೋದು ಹ್ಯಾಂಗ ಅಂತ ಹೇಳ್ರಿ. ತಲಿ ಮ್ಯಾಲಿನ ಪುಟ್ಟಿ ಆದ್ರ ಇಳಿಸಬಹುದು. ಇದು ಎಲ್ಲದ ಅಂತನೇ ನನಗ ಗೊತ್ತಿಲ್ಲ" ಅಂದೆ.

 ಅವರು ಸಣ್ಣ ದನಿಲೆ, "ನನಗೂ ಗೊತ್ತಿಲ್ಲ ತಾಯಿ" ಅಂದ್ರು. ಆ ಒಂದು ಮಾತಿಗೆ ಅವರ ಮ್ಯಾಲೆ ನನಗ ಒಂದೀಟು ಮಮತಿ ಹುಟ್ಟಿತು. ಚಹಾ ಕುಡಿಸಿ ಕಳಿಸಿದೆ.

ಅವತ್ತು ಅತ್ತಿ ಹಿತ್ತಲದಾಗ ಇದ್ದಾಗ, ನಾ ಆ ಖಾಲಿ ಚೀಲ ಹೊರಗ ತೆಗೆದೆ. ಮಣ್ಣಿನ ದಿನ ಕೈಯಾಗ ಹಿಡ್ಕೊಂಡು ನಿಂತಿದ್ನಲ್ಲ, ಅದೇ. ಗಂಡನ ಗಾದಿ ಮೂಲಿ ಬಿಚ್ಚಿ ಒಂದು ಹಿಡಿ ಹತ್ತಿ ಅದರಾಗ ಹಾಕಿದೆ. ತಳಕ್ಕ ಹೋಗಿ ಕುಂತಿತು, ಕಾಣಲೂ ಇಲ್ಲ. ಉಳಿದ ಹಿಡಿ ಎಲ್ಲಿಂದ ತರಲಿ? ಹೂತು ಹೋಗಿ ಹುಲ್ಲು ಬೆಳದ ಮನುಷ್ಯಾಗ ದಿಂಬು ತುಂಬ್ರಿ ಅಂತ ಮನಿ ಮನಿ ಕೇಳ್ಕೊಂಡು ಹೋದ್ರ ತಲಿ ಕೆಟ್ಟದ ಅಂತಾರ. ಪೂರಾ ಅವನ ಗಾದಿ ಹತ್ತಿನೇ ತುಂಬಿ ಬಾಯಿ ಹೊಲಿಬಹುದಿತ್ತು. ಆದ್ರ ಅದು ಬರೇ ದಿಂಬು ಆಗ್ತದ, ಮಂದಿ ಕೈ ಇಲ್ಲದ್ದು. ನನಗ ಅದು ಬ್ಯಾಡಾಗಿತ್ತು. ಬಾಯಿ ಹಂಗೇ ಬಿಟ್ಟು, ಮಡಚಿ, ಟ್ರಂಕಿನ ತಳದಾಗ ಇಟ್ಟೆ.

ಮುಂದ ಅತ್ತಿ ಕಾಲು ನೀರು ತುಂಬಿ ಬಾತವು. ಹುಮನಾಬಾದಿಗೆ ಒಯ್ದು ತೋರಿಸಿದ್ವಿ. ಡಾಕ್ಟರು ಗುಳಿಗಿ ಬರೆದು ಕೊಟ್ಟು, ಮನ್ಯಾಗ ಚೆಂದಾಗಿ ನೋಡ್ಕೋರಿ ಅಂದ್ರು. ಅದರ ಅರ್ಥ ಇಬ್ಬರಿಗೂ ತಿಳೀತು. ಬಸ್ಸಿನ್ಯಾಗ ವಾಪಸ್ ಬರುವಾಗ ಅತ್ತಿ ಕಿಟಕಿಯಿಂದ ಹೊರಗ ಅಂಗಡಿ ಬೋರ್ಡ್ ನೋಡ್ಕೋತ ಬಂದ್ಲು. ಕಣ್ಣು ಕಾಣ್ತಿರಲಿಲ್ಲ, ಆದ್ರೂ ಒಂದು ಕಡಿ ಬೆರಳು ಮಾಡಿ, "ಅದು ಅವನದಲ್ಲೇನು?" ಅಂದ್ಲು. ಅವನದಾಗಿರಲಿಲ್ಲ. ನಾ ಹೌದ್ರಿ ಅಂದೆ.

ಮನಿಗೆ ಬಂದ ಮ್ಯಾಲೆ, ತನ್ನ ಬಿಳಿ ಸೀರಿ ತೆಗೆದಿಡು ಅಂದ್ಲು. ನಮ್ಮ ಮುದುಕ್ಯಾರು ಮಣ್ಣಿಗೆ ಉಡಿಸಾಕ ಒಂದು ಬಿಳಿ ಸೀರಿ ತೊಳೆದು ಇಟ್ಕೊಂಡಿರ್ತಾರ. ನಾ ಒಲಿ ಮುಂದ ಇದ್ದೆ, ಆಮ್ಯಾಲೆ ತೆಗಿತೀನಿ ಅಂದೆ. ಆಕಿ ತಡೀಲಿಲ್ಲ. ನಾ ಬಂದು ನೋಡಿದ್ರ ಟ್ರಂಕ್ ತೆರೆದಿತ್ತು, ಅತ್ತಿ ನೆಲಕ್ಕ ಕುಂತಿದ್ಳು, ತೊಡಿ ಮ್ಯಾಲೆ ಆ ಚೀಲ.

"ಇದು ಯಾರದವ್ವಾ?"



ಆಕಿ ಕೈ ಒಳಗ ಹಾಕಿ ಹತ್ತಿ ಮುಟ್ಟಿದ್ಳು. ಮೂಗಿಗೆ ಹಿಡಿದ್ಳು. ಗೊತ್ತಾತು ಆಕಿಗೆ. ಅವನ ಹಾಸಿಗ್ಯಾಗ ಯಾವಾಗೂ ಟರ್ಪೆಂಟೈನ್ ವಾಸನಿ ಇರ್ತಿತ್ತು, ಹತ್ತ್ಯಾಗೂ ಇಳಿದಿತ್ತು.

"ನನಗ ದಿಂಬು ಇಡಬ್ಯಾಡ" ಅಂದ್ಲು.

"ಏನ್ ಮಾತ್ರಿ ಅತ್ತಿ! ಜಗತ್ತಿಗೆಲ್ಲ ಹೊಲಿದು ಕೊಟ್ಟಾಕಿ ನೀವು."

"ನನ್ನ ಮಗ ಬರೇ ಮಣ್ಣಿನ ಮ್ಯಾಲೆ ಮಲಗ್ಯಾನ. ನಾ ಹ್ಯಾಂಗ ಮೆತ್ತನ ದಿಂಬಿನ ಮ್ಯಾಲೆ ಮಲಗಲಿ? ನೀನೇ ಹೇಳು." ಆಕಿ ಚೀಲ ಎದಿಗೆ ಒತ್ಕೊಂಡ್ಳು. "ನಿನಗಷ್ಟೇ ಅವನ ತಲಿ ಕಾಣ್ತದ ಅಂದ್ಕೊಂಡೀಯೇನು? ನಾ ದಿನಾ ಯಾಕ ಎದ್ದು ಚಹಾ ಇಡ್ತಿದ್ದೆ? ನಿದ್ದಿ ಬಂದಿದ್ರ ಏಳ್ತಿದ್ನೇನು?"

 ಇಷ್ಟು ವರ್ಷ ಒಂದೇ ಮಾಳಿಗಿ ಬುಡಕ ಇಬ್ಬರೂ ಎಚ್ಚರ ಇದ್ವಿ, ಒಂದು ಗೋಡಿ ಆ ಕಡಿ ಆಕಿ, ಈ ಕಡಿ ನಾನು. ಒಬ್ಬರಿಗೊಬ್ಬರು ಹೇಳಲಿಲ್ಲ. ನಾ ಹೋಗಿ ಆಕಿ ಮಗ್ಗುಲಾ ಕುಂತೆ.

ಅತ್ತಿ ಆ ಬಟ್ಟಿ ಸವರ್ಕೋತ ಅಂದ್ಲು: "ನಾ ಬಾಳ ಇಚಾರ ಮಾಡೀನಿ. ನಮ್ಮ ಸ್ವಾಮಿಗೆ ಗೋರ್ಯಾಗ ದಿಂಬು ಇಟ್ಟವರು ಯಾರು? ಯಾರೂ ಇಡಲಿಲ್ಲ. ಬರೇ ಬಟ್ಟಿ ಸುತ್ತಿ ಮಲಗಿಸಿದ್ರು. ನಮ್ಮ ಹುಡುಗನ್ನ ಮಲಗಿಸಿದಂಗೇ."

"ಹೌದ್ರಿ" ಅಂದೆ. ಅದು ನನ್ನ ತಲಿಗೆ ಎಂದೂ ಹೊಳದಿರಲಿಲ್ಲ.

"ಆತ ದಿಂಬಿಗೆ ತಲಿ ಕೊಟ್ಟು ಮಲಗಿದ್ದು ದೋಣ್ಯಾಗ. ಗಾಳಿ ಎದ್ದಿತ್ತು, ನೀರು ಒಳಗ ಹೊಗ್ತಿತ್ತು, ಶಿಷ್ಯರು ನಿನ್ನಂಗೇ ಒದರಾಕತ್ತಿದ್ರು." ಸಣ್ಣಗ ನಕ್ಕಳು. "ಜೀವಂತ ಇದ್ದಾಗವ್ವಾ. ದಿಂಬು ಬೇಕಾಗೋದು ಆವಾಗ."

ಆ ಮಾತು ಅಲ್ಲಿಗೇ ಬಿಟ್ಟಳು. ಸೀರಿ ತೆಗೆದು ನನ್ನ ಕೈಯಾಗ ಇಟ್ಟಳು, ಚೀಲ ಮಡಚಿ ಮತ್ತ ಟ್ರಂಕಿನಾಗ ಹಾಕಿದ್ಳು. ಅದಾದ ಮ್ಯಾಲೂ ಬದುಕಿದಷ್ಟು ದಿನ ಬೆಳಿಗ್ಗೆ ಕೇಳೋದು ಬಿಡಲಿಲ್ಲ, ಮಲಗಿದಲ್ಲಿಂದನೇ: "ನಿದ್ದಿ ಬಂತೇನವ್ವಾ?" ನಾನೂ ಬಯ್ಯೋದು ಬಿಟ್ಟು, "ಇಲ್ರಿ ಅತ್ತಿ, ನಿಮಗ?" ಅಂತಿದ್ದೆ. "ನನಗೂ ಇಲ್ಲ" ಅನ್ನಾಕಿ.

ಒಂದು ಶನಿವಾರ ಹೊತ್ತೇರಿದ ಮ್ಯಾಲೆ, ಗಂಜಿ ಕುಡಿಸೋವಾಗ, ಎರಡನೇ ಚಮಚಾಕ್ಕ ಬಾಯಿ ತೆರೀಲಿಲ್ಲ. ಹೋಗಿಬಿಟ್ಟಿದ್ಳು.

ಮಂದಿ ಬಂತು. ಬುಟ್ಟಿ ಇಡಬ್ಯಾಡ ಅಂತ ನಾ ಹೇಳೋದ್ರಾಗ ಯಾರೋ ತಂದು ಬಾಗಿಲಾಗ ಇಟ್ಟಿದ್ರು. ಹತ್ತಿ ಬೀಳಾಕ ಹತ್ತಿತು. ಹಳದಿ ಆದ ಹತ್ತಿ, ಗಂಟು ಕಟ್ಟಿದ ಹತ್ತಿ, ಕೂಸಿನ ಹಾಸಿಗ್ಯಾಗಿಂದು ಹಾಲು ವಾಸನಿದು. ಎದುರು ಮನಿ ಲಿಂಗಾಯತರ ಅವ್ವ, ನಮ್ಮ ಸಭೆಯಾಕಿ ಅಲ್ಲ, ಆದ್ರೂ ಅತ್ತಿ ಗೆಳತಿ, ತಾನೂ ಒಂದು ಹಿಡಿ ತಂದು ಹಾಕಿ ಬಿಕ್ಕಿ ಬಿಕ್ಕಿ ಅತ್ತಳು. ಕೊಹಿನೂರದ ಆ ಹೆಣ್ಮಗಳು ಬಂದ್ಲು. ಅವತ್ತು ನಾ ವಾಪಸ್ ಕಳಸಾಕ ನೋಡಿದಾಕಿ. ನನ್ನ ಮಾರಿ ನೋಡದ ಬುಟ್ಟಿಗೆ ಬಗ್ಗಿದ್ಳು. ನಾ ಆಕಿ ಕೈ ಹಿಡಿದೆ.  ಆಕೀನೂ ಬಿಡಿಸ್ಕೊಳ್ಳಲಿಲ್ಲ.

ಪೆಟ್ಟಿಗ್ಯಾಗ ಇಡುವಾಗ ದಿಂಬು ಎಲ್ಲದ ಅಂತ ಹಿರ್ಯಾರು ಕೇಳಿದ್ರು. ಇಲ್ಲ ಅಂದೆ. ಗದ್ದಲ ಎದ್ದಿತು. "ಅತ್ತಿ ಮ್ಯಾಲಿನ ಸಿಟ್ಟು ಹಿಂಗ ತೀರಿಸ್ಕೋಬ್ಯಾಡವಾ" ಅಂತ ಒಬ್ಬಾಂವ ಅಂದ. ನನಗ ರಕ್ತ ಕುದೀತು.

"ಬಾಯಿ ಮುಚ್ಕೋರಿ! ಆಕಿ ಮಗ ಹ್ಯಾಂಗ ಮಲಗ್ಯಾನೋ ಆಕೀನೂ ಹಂಗೇ ಮಲಗಾಕಿ. ತಾನೇ ಹೇಳಿ ಹೋಗ್ಯಾಳ."

ಗದ್ದಲ ನಿಂತಿತು. ಪಾಸ್ಟರ್ ಮುಂದ ಬಂದು, ತಾವೇ ಬಗ್ಗಿ, ಅತ್ತಿ ತಲೀನ ಎರಡೂ ಕೈಲೆ ಹಿಡಿದು ಬರೇ ಹಲಗಿ ಮ್ಯಾಲೆ ಇಟ್ರು. ಮಗನ ಮಗ್ಗುಲಾಗೇ ಮಣ್ಣು ಕೊಟ್ವಿ. ಈ ಸಲ ನಾ ಹೊಲದ ಬದುವಿನ್ಯಾಗ ನಿಲ್ಲಲಿಲ್ಲ, ಕುಣಿ ದಂಡ್ಯಾಗ ನಿಂತಿದ್ದೆ. 

ಮರುದಿನ ಭಾನುವಾರ. ಮಂದಿ ಚರ್ಚಿಗೆ ಹೋಗಿತ್ತು. ನಾ ಹೋಗಲಿಲ್ಲ. ಬಾಗಿಲಾಗ ಆ ಬುಟ್ಟಿ ಹಂಗೇ ಇತ್ತು, ಹತ್ತಿ ತುಂಬಿ. ಹಿಂದಿನ ದಿನವೇ ನಾ ವಾಪಸ್ ಒಯ್ರಿ ಅಂದಿದ್ದೆ, ಯಾರೂ ಮುಟ್ಟಲಿಲ್ಲ. ಒಬ್ಬರ ಹೆಸರಿಲೆ ಕೊಟ್ಟ ಹಿಡಿ ಮತ್ತ ತಮ್ಮ ಗಾದಿಗೆ ಹಾಕಂಗಿಲ್ಲ. ನಾ ಬುಟ್ಟಿ ಮುಂದ ಕುಂತು ಬಾಳ ಹೊತ್ತು ನೋಡಿದೆ. ಆಮ್ಯಾಲೆ ಎದ್ದು ಟ್ರಂಕ್ ತೆರೆದು ಆ ಚೀಲ ತಂದೆ.

ಒಂದೊಂದೇ ಹಿಡಿ ಹಾಕಿದೆ. ಅವನ ಹತ್ತಿ ಮ್ಯಾಲೆ ಮಂದಿ ಹತ್ತಿ. ಯಾವುದು ಯಾರದು ಅಂತ ಕೈಗೆ ಗೊತ್ತಾಗ್ತಿತ್ತು, ಆಮ್ಯಾಲೆ ಗೊತ್ತಾಗೋದು ನಿಂತಿತು. ಕಡೀಕ ಅತ್ತಿ ಹಾಸಿಗಿ ಮೂಲಿ ಬಿಚ್ಚಿ ಆಕಿದೂ ಒಂದು ಹಿಡಿ ಹಾಕಿದೆ. ಸೂಜಿ ತಗೊಂಡೆ. ಬಾಯಿ ಹೊಲಿದು ಮುಗಿದಾಗ ಕೈ ಅಭ್ಯಾಸದಂಗ ದಾರ ಹಂಗೇ ಹರಿಯಾಕ ಹೋತು. ತಡದೆ. ಎರಡು ಸುತ್ತು ಸುತ್ತಿ ಬಿಗಿಯಾಗಿ ಗಂಟು ಹಾಕಿದೆ.

"ಸ್ವಾಮಿ, ನನಗ ಭಾರ ಇಡಾಕ ಬರ್ಲಿಲ್ಲ. ತಲಿ ಇಡ್ತೀನಿ, ನೋಡು" ಅಂದೆ. ಪ್ರಾರ್ಥನಿ ಅಂದ್ರ ಅಷ್ಟೇ. ಅತ್ತಿ ಮಲಗ್ತಿದ್ದ ಜಾಗದಾಗ ಚಾಪಿ ಹಾಸಿ, ಆ ದಿಂಬಿಗೆ ತಲಿ ಕೊಟ್ಟೆ. ಟರ್ಪೆಂಟೈನ್ ವಾಸನಿ ಸಣ್ಣಗ ಬಂತು. ಚರ್ಚಿನ ಕಡೆಯಿಂದ ಹಾಡು ಕೇಳಾಕತ್ತಿತ್ತು. ಎರಡನೇ ಸಾಲಿನ ತನಕ ಕೇಳಿದ್ದು ನೆನಪದ.

ಎಚ್ಚರಾದಾಗ ಬಿಸಿಲು ಹಿತ್ತಲದಿಂದ ಒಳಗ ಬಂದು ನನ್ನ ಕಾಲ ಮ್ಯಾಲೆ ಬಿದ್ದಿತ್ತು, ಸಂಜಿ ಸನೇಕ ಬಂದಿತ್ತು. ಯಾರೋ ಮುಂದಿನ ಬಾಗಿಲಾ ಎಳದು ಹೋಗಿದ್ರು, ಒಲಿ ಕಟ್ಟಿ ಮ್ಯಾಲೆ ಬುತ್ತಿ ಇಟ್ಟಿದ್ರು. ಮೈಯೆಲ್ಲ ಹಗರ ಆಗಿತ್ತು. ಎಷ್ಟು ವರ್ಷ ಆಗಿತ್ತು ಹಂಗ ಮಲಗಿ! ಖುಷಿಗೆ ನಾ ಕಣ್ಣು ಪೂರಾ ತೆರೆಯೋದ್ರಾಗೇ ಅಡಗಿ ಮನಿ ಕಡಿ ಹೊಳ್ಳಿ ಒದರಿದೆ:

"ಅತ್ತಿ! ನಿದ್ದಿ ಬಂತ್ರಿ! ಅತ್ತಿ, ನನಗ ನಿದ್ದಿ ಬಂತ್ರಿ!"